ಬೈಪಾಸ್ ಬಂದಮೇಲೆ ನಮ್ಮ ಬೆಲ್ಲದ ಅಂಗಡಿ

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಪ್ರಧಾನಿ ಮೋದಿ ಮಂಡ್ಯಕ್ಕೇ ಬಂದಿದ್ದರು. 118 ಕಿಲೋಮೀಟರ್ ರಸ್ತೆ. ಮದ್ದೂರಿನಲ್ಲಿ ಊರ ಮೇಲೆ ಹಾದು, ಮಂಡ್ಯವನ್ನು ಬಳಸಿಕೊಂಡು, ಶ್ರೀರಂಗಪಟ್ಟಣವನ್ನು ಪಕ್ಕಕ್ಕೆ ಬಿಟ್ಟು ಸೀದಾ ಮೈಸೂರು ಸೇರುತ್ತದೆ. ರಸ್ತೆ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ನಮ್ಮ ಮನೆಯವರೂ ಬೆಂಗಳೂರಿಗೆ ಅದರಲ್ಲೇ ಹೋಗುತ್ತಾರೆ. ಆದರೆ ಹಳೇ ಹೆದ್ದಾರಿ ಬದಿಯಲ್ಲಿ ವ್ಯಾಪಾರ ಮಾಡುತ್ತಿದ್ದ ನಮ್ಮಂಥವರ ಗಿರಾಕಿಗಳೆಲ್ಲ ಬೇಲಿಯ ಆಚೆಯಿಂದ ನಿಲ್ಲದೆ ಹೋಗತೊಡಗಿದರು.

ನಮ್ಮದು ಬೆಲ್ಲದ ಅಂಗಡಿ. ಮಂಡ್ಯ ದಾಟಿ ಶ್ರೀರಂಗಪಟ್ಟಣದ ಕಡೆ ಹೋಗುವಾಗ ಹಳೇ ರಸ್ತೆಯಲ್ಲಿ ಸಿಗುತ್ತದೆ. ಮಾವ ಶುರು ಮಾಡಿದ್ದು. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಬೆಲ್ಲದ ಪುಡಿ, ಸಂಕ್ರಾಂತಿ ಹತ್ತಿರ ಬಂದರೆ ಎಳ್ಳು-ಬೆಲ್ಲದ ಪ್ಯಾಕೆಟ್. ಮೈಸೂರು ನೋಡಿಕೊಂಡು ಬೆಂಗಳೂರಿಗೆ ವಾಪಸ್ ಹೊರಟ ಸಂಸಾರಗಳು ಭಾನುವಾರ ಸಾಯಂಕಾಲ ನಮ್ಮಲ್ಲಿ ಗಾಡಿ ನಿಲ್ಲಿಸುತ್ತಿದ್ದವು. ಹಲಗೆಯ ಮೇಲೆ ಜೋಡಿಸಿಟ್ಟ ಅಚ್ಚುಗಳು ಕಾರಿನಿಂದಲೇ ಕಾಣುತ್ತಿದ್ದವು. ಅದೇ ನಮ್ಮ ಜಾಹೀರಾತು. ಬೇರೆ ಯಾವುದೂ ಬೇಕಾಗಿರಲಿಲ್ಲ.

ನಾನು ಬಿ.ಕಾಂ. ಓದಿದವಳು. ಅಂಗಡಿಯ ಲೆಕ್ಕ ಮೊದಲಿನಿಂದಲೂ ನನ್ನದು. ಬೈಪಾಸ್ ಬಂದಮೇಲೆ ಫೋನಿನ ಕೆಲಸವೂ ನನ್ನದೇ ಆಯಿತು. ಗೂಗಲ್ ಮ್ಯಾಪು, ಪುಟ್ಟ ವೆಬ್‌ಸೈಟು, ವಾಟ್ಸಾಪ್, ಇನ್‌ಸ್ಟಾಗ್ರಾಂ. ಈಗ ಅಕ್ಕಪಕ್ಕದ ಹೋಟೆಲಿನವರು, ನರ್ಸರಿಯವರು, ಮೈಸೂರಿನಲ್ಲಿ ಹೋಂಸ್ಟೇ ನಡೆಸುವ ನನ್ನ ತಂಗಿ, ಎಲ್ಲರೂ ಬಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳುವ ಬದಲು ಬರೆದಿಡೋಣ ಅನ್ನಿಸಿತು.

ಮೊದಲು ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂಚೆ ಗಿರಾಕಿ ನಿಲ್ಲಬೇಕೋ ಬೇಡವೋ ಅನ್ನೋದನ್ನು ಸ್ಟೇರಿಂಗ್ ಹಿಡಿದುಕೊಂಡೇ, ಅಂಗಡಿ ಕಂಡ ಕ್ಷಣದಲ್ಲಿ ತೀರ್ಮಾನ ಮಾಡುತ್ತಿದ್ದ. ಈಗ ಹಾಗಾಗುವುದಿಲ್ಲ. ಮಂಡ್ಯದೊಳಗೆ ಬರಬೇಕಾದರೆ ಬೈಪಾಸ್ ಹಿಡಿಯುವ ಮುಂಚೆಯೇ ಸರ್ವಿಸ್ ರಸ್ತೆಗೆ ಇಳಿಯಬೇಕು. ಅಂದರೆ ಹೊರಡುವ ಮೊದಲು ಮನೆಯಲ್ಲೋ, ಟೋಲ್ ದಾಟುವಾಗ ಪಕ್ಕದ ಸೀಟಿನಲ್ಲಿ ಕೂತವರ ಫೋನಿನಲ್ಲೋ ತೀರ್ಮಾನ ಆಗಿರಬೇಕು. ಆ ಫೋನಿನಲ್ಲಿ ನಾವು ಕಾಣಬೇಕು. ಕಂಡರೆ ಸಾಲದು, ಅವರು ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಸಿಗಬೇಕು. ಎಸ್‌ಇಒ ಅನ್ನುತ್ತಾರಲ್ಲ, ಅಂದರೆ ಹುಡುಕಾಟದಲ್ಲಿ ಮೇಲೆ ಕಾಣುವ ಹಾಗೆ ಮಾಡಿಕೊಳ್ಳೋದು, ನಮ್ಮಂಥ ಅಂಗಡಿಯ ಮಟ್ಟಿಗೆ ಅದು ಇಷ್ಟೇ.

ಮ್ಯಾಪಿನಿಂದ ಶುರು ಮಾಡಿ. ವೆಬ್‌ಸೈಟ್ ಆಮೇಲೆ. ಮ್ಯಾಪಿನಲ್ಲಿ ಅಂಗಡಿಯ ವಿವರ ಹಾಕುವ ಜಾಗಕ್ಕೆ ಮೊದಲು ಗೂಗಲ್ ಮೈ ಬಿಸಿನೆಸ್ ಅಂತಿದ್ದದ್ದು 2021ರಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್ ಆಗಿದೆ. ದುಡ್ಡು ಕೊಡಬೇಕಿಲ್ಲ. ಅಂಗಡಿ ನಿಮ್ಮದೇ ಅಂತ ಸಾಬೀತು ಮಾಡಲು ವಿಡಿಯೋ ಕೇಳಬಹುದು. ರಸ್ತೆ, ಬೋರ್ಡು, ನೀವು ಷಟರ್ ಬೀಗ ತೆಗೆಯುವುದು, ಒಳಗಿನ ಗಲ್ಲಾ ಪೆಟ್ಟಿಗೆ, ಎಲ್ಲ ಒಂದೇ ವಿಡಿಯೋದಲ್ಲಿ ಬರಬೇಕು. ಬೆಳಕಿರುವಾಗ ತೆಗೆಯಿರಿ.

ಹತ್ತಿರದ ಅಂಗಡಿಗಳಲ್ಲಿ ಯಾರನ್ನು ಮೇಲೆ ತೋರಿಸಬೇಕು ಅನ್ನೋದಕ್ಕೆ ಗೂಗಲ್ ತಾನೇ ಮೂರು ಕಾರಣ ಹೇಳಿದೆ. ಹುಡುಕಿದ್ದಕ್ಕೂ ನಿಮ್ಮ ವ್ಯಾಪಾರಕ್ಕೂ ಎಷ್ಟು ಹೊಂದುತ್ತದೆ, ಹುಡುಕುವವರಿಂದ ಎಷ್ಟು ದೂರ, ನಿಮ್ಮ ಅಂಗಡಿ ಎಷ್ಟು ಹೆಸರುವಾಸಿ. ದೂರ ನಮ್ಮ ಕೈಯಲ್ಲಿಲ್ಲ. ಉಳಿದ ಎರಡು ನಮ್ಮ ಕೈಯಲ್ಲಿವೆ. ಹೊಂದಬೇಕಾದರೆ ಕೆಟಗರಿ ಸರಿಯಾಗಿರಬೇಕು. ನಮ್ಮ ಪಕ್ಕದ ನರ್ಸರಿ ಮ್ಯಾಪಿನಲ್ಲಿ ಬಹಳ ದಿನ ಬರೀ 'ಅಂಗಡಿ' ಅಂತಿತ್ತು. ಗಿಡ ಹುಡುಕುವವರಿಗೆ ಅದು ಕಾಣುವುದಾದರೂ ಹೇಗೆ? ಕೆಟಗರಿ ಬದಲಾಯಿಸಿ, ತೆಂಗಿನ ಸಸಿ, ಮಲ್ಲಿಗೆ, ಹಲಸಿನ ಕಸಿ ಗಿಡ ಅಂತ ಒಂದೊಂದಾಗಿ ಬರೆದೆವು. ಫೋಟೋ ಹಾಕಿದೆವು. ಆಮೇಲೆ ಕಾಲ್ ಬರತೊಡಗಿದವು.

ಹೆಸರಿನ ವಿಷಯದಲ್ಲಿ ಹುಷಾರಾಗಿರಿ. ಬೋರ್ಡಿನ ಮೇಲೆ ಏನಿದೆಯೋ ಅದೇ ಮ್ಯಾಪಿನಲ್ಲೂ ಇರಬೇಕು. 'ಮಂಡ್ಯ ಬೆಸ್ಟ್ ಆರ್ಗ್ಯಾನಿಕ್ ಬೆಲ್ಲ ಹೋಲ್‌ಸೇಲ್' ಅಂತೆಲ್ಲ ಬಾಲ ಸೇರಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಪ್ರೊಫೈಲೇ ಅಮಾನತು ಆಗಬಹುದು. ರಿವ್ಯೂ ಬರೆದರೆ ಕಾಲು ಕೆಜಿ ಬೆಲ್ಲ ಫ್ರೀ ಅನ್ನೋದಕ್ಕೂ ಅವಕಾಶವಿಲ್ಲ. ಸುಮ್ನೆ ಕೇಳಿ. ಬೆಲ್ಲ ಇಷ್ಟವಾದವರು ಬರೆಯುತ್ತಾರೆ. ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಕೊಡಿ. ಆ ಉತ್ತರವನ್ನು ಮುಂದೆ ಬರುವ ಗಿರಾಕಿಯೂ ಓದುತ್ತಾನೆ.

ನಮ್ಮ ರಸ್ತೆಯವರಿಗೆ ಇದೆಲ್ಲಕ್ಕಿಂತ ಮುಖ್ಯವಾದದ್ದು ಪಿನ್. ಎಕ್ಸ್‌ಪ್ರೆಸ್‌ವೇಗೆ ಬೇಲಿ ಇದೆ. ಮ್ಯಾಪಿನಲ್ಲಿ ಅಂಗಡಿಯ ಗುರುತು ಸ್ವಲ್ಪ ಆಚೀಚೆ ಬಿದ್ದರೂ ಕಾರು ಬೇಲಿಯ ಆಚೆ ಬಂದು ನಿಲ್ಲಬೇಕಾಗುತ್ತದೆ. ಅಂಗಡಿ ಕಣ್ಣಿಗೆ ಕಾಣುತ್ತದೆ, ಬರಲು ದಾರಿಯಿಲ್ಲ. ಹಾಗಾಗಿ ಪಿನ್ ಬಾಗಿಲ ಮುಂದೆಯೇ ಇದೆಯಾ ನೋಡಿ. ಬೇರೆಯವರ ಫೋನಿನಲ್ಲಿ ಬೆಂಗಳೂರಿನಿಂದ ಒಂದು ಸಲ, ಮೈಸೂರಿನಿಂದ ಒಂದು ಸಲ ದಾರಿ ಹಾಕಿಸಿ ಪರೀಕ್ಷೆ ಮಾಡಿ. ಎರಡೂ ಕಡೆಯಿಂದ ಎಲ್ಲಿ ಇಳಿಯಬೇಕು ಅನ್ನೋದನ್ನು ವಿವರಣೆಯಲ್ಲಿ ಎರಡೇ ಸಾಲಿನಲ್ಲಿ ಬರೆಯಿರಿ. ಇಳಿಯುವ ಜಾಗದ ಫೋಟೋ ಹಾಕಿ. ಹಬ್ಬದ ದಿನದ ಟೈಮಿಂಗ್ ಬೇರೆಯಾಗಿ ಹಾಕಲು ಜಾಗವಿದೆ, ದಸರಾ ಮುಂಚೆ ಅದನ್ನು ತುಂಬಿ. ತೆರೆದಿದೆ ಅಂತ ನಂಬಿ ಹೆಂಡತಿ ಮಕ್ಕಳ ಜೊತೆ ಒಳಗೆ ತಿರುಗಿದವನಿಗೆ ಮುಚ್ಚಿದ ಷಟರ್ ಕಂಡರೆ, ಅವನು ಮತ್ತೆ ಬರುವುದಿಲ್ಲ.

ಈಗ ಮಾತಿನ ವಿಷಯ. ಇದರ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ.

ನಮ್ಮ ಕಡೆ ಎಷ್ಟೋ ಜನ ಈಗ ಟೈಪ್ ಮಾಡುವುದೇ ಇಲ್ಲ. ಮೈಕ್ ಒತ್ತಿ ಮಾತಾಡುತ್ತಾರೆ. ಗೂಗಲ್ 2017ರಲ್ಲಿ ಧ್ವನಿ ಹುಡುಕಾಟಕ್ಕೆ ಕನ್ನಡ ಸೇರಿಸಿತು. ನಮ್ಮತ್ತೆ ಕೂಡ 'ಮಂಡ್ಯದಾಗೆ ಒಳ್ಳೆ ಬೆಲ್ಲ ಎಲ್ ಸಿಕ್ತದೆ' ಅಂತ ಕೇಳಿದರೆ ಉತ್ತರ ಬರುತ್ತದೆ. ಆದರೆ ಆ ಉತ್ತರ ಕನ್ನಡದಲ್ಲಿ ಎಲ್ಲೋ ಬರೆದಿದ್ದರೆ ತಾನೇ ಬರುವುದು? ಮಂಡ್ಯದ ಎಷ್ಟೋ ಅಂಗಡಿಗಳ ವೆಬ್‌ಸೈಟು ನೋಡಿದ್ದೇನೆ. 'ವೆಲ್‌ಕಂ ಟು ಅವರ್ ವೆಬ್‌ಸೈಟ್' ಅನ್ನುತ್ತದೆ. ಯಾರೂ ಹುಡುಕದ ಇಂಗ್ಲಿಷು. ಪುಟದ ಟೈಟಲ್ ನೋಡಿದರೆ ಬರೀ 'ಹೋಮ್'. ಗೂಗಲ್ ಫಲಿತಾಂಶದಲ್ಲಿ ನೀಲಿ ಅಕ್ಷರದಲ್ಲಿ ಕಾಣುವುದು ಬಹುಮಟ್ಟಿಗೆ ಆ ಟೈಟಲೇ. ಅಲ್ಲಿ 'ಮಂಡ್ಯ ಅಚ್ಚು ಬೆಲ್ಲ, ಆಲೆಮನೆಯಿಂದ ನೇರ ಮಾರಾಟ' ಅಂತಿದ್ದರೆ ಓದಿದವನಿಗೆ ವಿಷಯ ತಿಳಿಯಿತು.

ಇನ್ನೊಂದು ತೊಡಕು ನಮ್ಮ ಕನ್ನಡಿಗರಿಗೇ ಮೀಸಲು. ಡಿಟಿಪಿ ಅಂಗಡಿಯಲ್ಲಿ ಕರಪತ್ರ ಮಾಡಿಸಿರುತ್ತೀರಿ. ಅದೇ ಫೈಲಿನಿಂದ ಕಾಪಿ ಮಾಡಿ ವೆಬ್‌ಸೈಟಿಗೆ ಅಂಟಿಸುತ್ತೀರಿ. ಅಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚುಕ್ಕಿ, ಗೀಟು ಕಾಣುತ್ತವೆ. ಹಳೇ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಅಕ್ಷರ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ಅದಕ್ಕೇ ಹೀಗಾಗುತ್ತದೆ. ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಕನ್ನಡ, ಗೂಗಲ್ ಕಣ್ಣಿಗೆ ಕಸ. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಇದೆ. ಪರಿವರ್ತನೆ ಮಾಡುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಮಾಡಿಸಿಕೊಳ್ಳಿ. ಹಾಗೆಯೇ ರೇಟು, ವಿಳಾಸ, ಫೋನ್ ನಂಬರ್ ಎಲ್ಲವನ್ನೂ ಚಂದದ ಪೋಸ್ಟರ್ ಮಾಡಿ ಬರೀ ಚಿತ್ರವಾಗಿ ಹಾಕಿದರೆ ಹುಡುಕಾಟಕ್ಕೆ ಅದರ ಪ್ರಯೋಜನ ತುಂಬಾ ಕಡಿಮೆ. ಪೋಸ್ಟರ್ ಇರಲಿ, ಕೆಳಗೆ ಅದೇ ಮಾಹಿತಿ ಅಕ್ಷರದಲ್ಲೂ ಇರಲಿ.

ತಂಗಿಯ ಹೋಂಸ್ಟೇ ಕಥೆ ಸ್ವಲ್ಪ ಬೇರೆ. ಅವಳ ಅತಿಥಿಗಳು ಹೆಚ್ಚಿಗೆ ಹೊರ ರಾಜ್ಯದವರು, ವಿದೇಶದವರು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಊರಿನ ಹೆಸರು ಮೈಸೂರು ಅಂತಲೇ ಆಗಿದೆ. ಆದರೂ ಹೊರಗಿನವರು ಇಂಗ್ಲಿಷಿನಲ್ಲಿ ಹಳೇ 'ಮೈಸೋರ್' ಅಂತಲೇ ಬರೆಯುವುದುಂಟು. ಅವಳ ಪುಟದಲ್ಲಿ ಎರಡೂ ಬರುವ ಹಾಗೆ ಮಾಡಿದೆವು. ಹೊಸ ಹೆಸರು ವಿಳಾಸದಲ್ಲಿ, ಹಳೆಯದು ಅರಮನೆಗೆ ಎಷ್ಟು ದೂರ ಅಂತ ಹೇಳುವ ವಾಕ್ಯದಲ್ಲಿ. ಒಂದೇ ಪದವನ್ನು ಇಪ್ಪತ್ತು ಸಲ ತುರುಕುವ ಕಾಲ ಹೋಯಿತು. ಪುಟದ ಒಳಗೆ ಅಡಗಿಸಿ ಬರೆಯುವ ಕೀವರ್ಡ್ ಟ್ಯಾಗನ್ನು ರ‍್ಯಾಂಕಿಂಗಿಗೆ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಇನ್ನೂ ಅದಕ್ಕೆ ದುಡ್ಡು ಕೇಳುವವರಿದ್ದಾರೆ.

ಜನ ಏನು ಕೇಳುತ್ತಿದ್ದಾರೆ ಅಂತ ತಿಳಿಯೋದು ಹೇಗೆ? ಸರ್ಚ್ ಕನ್ಸೋಲ್ ಅಂತ ಗೂಗಲಿನ ಉಚಿತ ಸಾಧನ ಇದೆ. ನಿಮ್ಮ ಸೈಟು ಯಾವ ಯಾವ ಮಾತಿಗೆ ಕಾಣಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನ ಅಂತ ಹೇಳುತ್ತದೆ. ಹಿಂದಿನ 16 ತಿಂಗಳ ಲೆಕ್ಕ ಇಡುತ್ತದೆ. ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದ ವಸ್ತು ಇನ್ನೊಂದಿಲ್ಲ. ಅಂಗಡಿ ಮುಂದೆ ನಿಂತ ಗಿರಾಕಿಗಳ ಮಾತು ಕಿವಿಗೆ ಬಿದ್ದ ಹಾಗೆ.

ಅದರಲ್ಲಿ ನಮಗೆ ಕಂಡದ್ದು ಹೇಳುತ್ತೇನೆ. ಎಲ್ಲಕ್ಕಿಂತ ಜಾಸ್ತಿ ಸಲ ನಮ್ಮ ಸೈಟು ಕಾಣಿಸಿದ್ದು 'ಮಂಡ್ಯ ಬೆಲ್ಲದ ರೇಟ್ ಇವತ್ತು' ಅನ್ನುವ ಹುಡುಕಾಟಕ್ಕೆ. ನೋಡಿ ಮನೆಯವರಿಗೆ ಖುಷಿ. ಆದರೆ ಯೋಚನೆ ಮಾಡಿ, ಇದನ್ನು ಹುಡುಕುವವರು ಯಾರು? ಎಪಿಎಂಸಿಗೆ ಮಾಲು ತರುವ ಆಲೆಮನೆಯವರು, ದಲ್ಲಾಳಿಗಳು, ವ್ಯಾಪಾರಿಗಳು. ಅವರಿಗೆ ಕ್ವಿಂಟಲ್ ಧಾರಣೆ ಬೇಕು. ಎರಡು ಕೆಜಿ ಬೆಲ್ಲ ಕೊಳ್ಳಲು ಬಂದವರಲ್ಲ. ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ಅವರಿಗಾಗಿ ದಿನಾ ರೇಟ್ ಹಾಕುತ್ತಾ ಕೂತರೆ ಸೈಟಿಗೆ ಜನಜಂಗುಳಿ ಆಗುತ್ತದೆ, ಗಲ್ಲಾ ಪೆಟ್ಟಿಗೆಗೆ ಏನೂ ಬರುವುದಿಲ್ಲ.

ಅದೇ ಪಟ್ಟಿಯ ಕೆಳಗೆ, ಎಲ್ಲೋ ಒಂದೊಂದು ಸಲ, 'ಕೆಮಿಕಲ್ ಇಲ್ಲದ ಬೆಲ್ಲ ಗುರುತಿಸುವುದು ಹೇಗೆ' ಅಂತಿತ್ತು. 'ಕಪ್ಪು ಬೆಲ್ಲ ಒಳ್ಳೇದಾ' ಅಂತಿತ್ತು. ಇದನ್ನು ಕೇಳುವವಳು ಮನೆಗೆ ಬೆಲ್ಲ ತರುವವಳು, ಮಕ್ಕಳಿಗೆ ಕೊಡುವವಳು. ನಾವು ಅವಳಿಗಾಗಿ ಒಂದು ಪುಟ ಬರೆದೆವು. ಮಾವ ಹೇಳಿದರು, ನಾನು ಬರೆದೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕಿ ಕಸ ಮೇಲೆ ತಂದು ತೆಗೆಯುವುದು, ಸುಣ್ಣ ಎಷ್ಟು, ಯಾವಾಗ. ಹಳದಿಯಾಗಿ ಹೊಳೆಯಲಿ ಅಂತ ಕೆಲವರು ಹೈಡ್ರೋಸ್ ಅನ್ನುವ ಕೆಮಿಕಲ್ ಹಾಕುತ್ತಾರೆ, ಹಾಕದ ಬೆಲ್ಲ ಕಂದು ಬಣ್ಣಕ್ಕೇ ಇರುತ್ತದೆ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷಕ್ಕೆ 70 ಭಾಗ) ಮೀರಬಾರದು ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ನಿಯಮವಿದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಸುತ್ತಮುತ್ತ ಹೆಸರುವಾಸಿಯಾದ ಸಿಒ 62175 ಕಬ್ಬಿನ ತಳಿಯ ಮಾತೂ ಬಂತು. ಕೊನೆಯಲ್ಲಿ, ನಮ್ಮ ಬೆಲ್ಲ ಯಾಕೆ ಮಳೆಗಾಲದಲ್ಲಿ ಬೇಗ ನೀರೊಡೆಯುತ್ತದೆ, ಹೇಗೆ ಇಟ್ಟುಕೊಳ್ಳಬೇಕು ಅಂತಲೂ ಬರೆದೆವು. ಅದನ್ನು ಬರೆಯಬೇಡ, ಗಿರಾಕಿ ಹಿಂದೆ ಸರಿಯುತ್ತಾರೆ ಅಂತ ಕೆಲವರು ಹೇಳಿದರು. ನನಗೆ ಹಾಗನ್ನಿಸಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದವರ ಹತ್ತಿರವೇ ಅಲ್ವಾ ನಾವೂ ಕೊಳ್ಳೋದು?

ಆ ಪುಟಕ್ಕೆ ಬರುವವರು ರೇಟ್ ನೋಡುವವರ ಮುಂದೆ ಲೆಕ್ಕಕ್ಕೇ ಇಲ್ಲ. ಆದರೆ ವಾಟ್ಸಾಪ್‌ನಲ್ಲಿ 'ಐದು ಕೆಜಿ ಕಳಿಸ್ತೀರಾ' ಅಂತ ಕೇಳುವವರು ಹೆಚ್ಚಾಗಿ ಅದನ್ನೇ ಓದಿ ಬಂದವರು. ಇದು ನನಗೆ ಗೊತ್ತಾದದ್ದು ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲಿನ ಸಾಧನವಾದ ಅನಲಿಟಿಕ್ಸ್‌ನಿಂದ.

ಅನಲಿಟಿಕ್ಸ್ ಅಂದ ತಕ್ಷಣ ಜನ ಹೆದರುತ್ತಾರೆ. ಹೆದರಬೇಡಿ, ಆದರೆ ಅದು ಹೇಳಿದ್ದನ್ನೆಲ್ಲ ನಂಬಲೂ ಬೇಡಿ. ಹಳೆಯ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ಲೆಕ್ಕ ನಿಲ್ಲಿಸಿತು. ಈಗಿರುವುದು ಗೂಗಲ್ ಅನಲಿಟಿಕ್ಸ್ 4, ಅಂದರೆ ಜಿಎ4. ಅದರಲ್ಲಿ ಪ್ರತಿಯೊಂದು ಕೆಲಸವೂ ಒಂದು ಈವೆಂಟ್. ಪುಟ ತೆರೆದದ್ದು, ಕೆಳಗೆ ಸರಿಸಿದ್ದು, ಬಟನ್ ಒತ್ತಿದ್ದು. ನಾನು ಎರಡೇ ಎರಡನ್ನು ಮುಖ್ಯ ಈವೆಂಟ್ ಅಂತ ಗುರುತು ಮಾಡಿದ್ದೇನೆ. ಕಾಲ್ ಬಟನ್, ವಾಟ್ಸಾಪ್ ಬಟನ್. ಮಿಕ್ಕಿದ್ದು ತಿಂಗಳಿಗೊಮ್ಮೆ ಕಣ್ಣಾಡಿಸಿದರೆ ಸಾಕು.

ಎಚ್ಚರ ಬೇಕಾದ ಜಾಗ ಹೇಳುತ್ತೇನೆ. 'ಡೈರೆಕ್ಟ್' ಅಂತ ಒಂದು ಸಾಲು ಬರುತ್ತದೆ. ವಿಳಾಸ ಟೈಪ್ ಮಾಡಿ ಬಂದವರು ಅಂತ ಎಲ್ಲರೂ ತಿಳಿಯುತ್ತಾರೆ. ನಮ್ಮೂರಿನ ವ್ಯಾಪಾರದಲ್ಲಿ ಅದರಲ್ಲಿ ಬಹುಪಾಲು ವಾಟ್ಸಾಪ್. ವಾಟ್ಸಾಪ್‌ನಿಂದ ಲಿಂಕ್ ಒತ್ತಿ ಬಂದಾಗ ಎಲ್ಲಿಂದ ಬಂದರು ಅನ್ನುವ ಗುರುತು ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ. ಅದಕ್ಕೇ ಲಿಂಕಿನ ಬಾಲಕ್ಕೆ ಎಲ್ಲಿಂದ ಬಂದರು ಅಂತ ಹೇಳುವ ಯುಟಿಎಂ ಗುರುತು ಹಾಕಬೇಕು. ವಾಟ್ಸಾಪ್ ಸ್ಟೇಟಸ್‌ಗೆ ಒಂದು, ಇನ್‌ಸ್ಟಾಗ್ರಾಂ ಬಯೋಗೆ ಒಂದು, ಬೆಲ್ಲದ ಪೆಟ್ಟಿಗೆ ಮೇಲೆ ಅಂಟಿಸುವ ಕ್ಯೂಆರ್ ಕೋಡಿಗೆ ಇನ್ನೊಂದು. ಪೆಟ್ಟಿಗೆಯ ಕ್ಯೂಆರ್ ಇದ್ದಷ್ಟು ಲಾಭ ನಮಗೆ ಯಾವುದರಲ್ಲೂ ಇಲ್ಲ. ಒಂದು ಸಲ ಕೊಂಡವರೇ ಅದನ್ನು ಸ್ಕ್ಯಾನ್ ಮಾಡಿ ಮತ್ತೆ ಕೊಳ್ಳುತ್ತಾರೆ.

ಊರಿನ ಪಟ್ಟಿಯಲ್ಲಿ 'ಬೆಂಗಳೂರು' ದೊಡ್ಡದಾಗಿ ಕಂಡರೆ ಹಿಗ್ಗಬೇಡಿ. ಮೊಬೈಲ್ ಡೇಟಾದಲ್ಲಿ ಬಂದವರ ಊರನ್ನು ಐಪಿ ವಿಳಾಸದಿಂದ ಅಂದಾಜು ಮಾಡುತ್ತಾರೆ. ಪಾಂಡವಪುರದಲ್ಲಿ ಕೂತವರೂ ಬೆಂಗಳೂರಿನವರ ಲೆಕ್ಕಕ್ಕೆ ಹೋಗಬಹುದು. ನಾನು ಊರಿನ ವಿಷಯಕ್ಕೆ ಕೊರಿಯರ್ ವಿಳಾಸದ ಪುಸ್ತಕವನ್ನೇ ನಂಬುತ್ತೇನೆ.

ಇನ್ನೊಂದು ಸಣ್ಣ ಸೆಟ್ಟಿಂಗ್. ಜಿಎ4ನಲ್ಲಿ ವಿವರವಾದ ಡೇಟಾ ಇಡುವ ಅವಧಿ ತಾನಾಗಿ 2 ತಿಂಗಳಿಗೆ ಇರುತ್ತದೆ. ಅದನ್ನು 14 ತಿಂಗಳಿಗೆ ಬದಲಾಯಿಸಿ, ಮೊದಲ ದಿನವೇ. ಮಾಮೂಲಿ ವರದಿಗಳು ಹೇಗೂ ಉಳಿಯುತ್ತವೆ, ಎಕ್ಸ್‌ಪ್ಲೊರೇಶನ್ ಅನ್ನುವ ಕಡೆ ಆಳವಾಗಿ ನೋಡಲು ಇದು ಬೇಕು. ನಮ್ಮದು ಹಬ್ಬದ ವ್ಯಾಪಾರ. ಡಿಸೆಂಬರನ್ನು ಜನವರಿ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಈ ಸಂಕ್ರಾಂತಿಯನ್ನು ಹೋದ ಸಂಕ್ರಾಂತಿ ಜೊತೆ, ಈ ಗೌರಿ-ಗಣೇಶನನ್ನು ಹೋದ ವರ್ಷದ್ದರ ಜೊತೆ ಇಟ್ಟು ನೋಡಬೇಕು. ಗಣೇಶನ ಹಬ್ಬ ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತದೆ, ಹಾಗಾಗಿ ತಾರೀಖು ಹಿಡಿದು ಹೋಲಿಸಬೇಡಿ, ಹಬ್ಬದ ಹಿಂದಿನ ಎರಡು ವಾರ ಹಿಡಿದು ಹೋಲಿಸಿ.

ರೀಲ್ಸ್ ಬಗ್ಗೆ ಕೇಳದವರೇ ಇಲ್ಲ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧ ಆಯಿತು, ಜುಲೈನಲ್ಲಿ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಶುರು ಮಾಡಿತು. ಆಲೆಮನೆಯ ವಿಡಿಯೋ ಜನಕ್ಕೆ ಬಹಳ ಇಷ್ಟ. ಕೊಪ್ಪರಿಗೆಯಿಂದ ಬಿಸಿ ಪಾಕ ಸುರಿಯುವುದನ್ನು ಹಾಕಿದರೆ ಸಾಕು, ಎಲ್ಲೆಲ್ಲಿಯವರೋ ನೋಡುತ್ತಾರೆ. ಲೈಕ್ ಒತ್ತಿದವರಲ್ಲಿ ಬೆಲ್ಲ ಕೊಳ್ಳುವವರು ಕಡಿಮೆ. ಹಾಗಂತ ಅದು ದಂಡ ಅಂತಲ್ಲ. ರೀಲ್ ಓಡಿದ ಮರುದಿನ, ಅದರ ಮರುದಿನ, ಸರ್ಚ್ ಕನ್ಸೋಲ್‌ನಲ್ಲಿ ನಮ್ಮ ಅಂಗಡಿಯ ಹೆಸರನ್ನೇ ಹುಡುಕಿದವರು ಜಾಸ್ತಿ ಆಗಿರುತ್ತಾರೆ. ವಿಡಿಯೋ ನೋಡಿದವರು ಅಲ್ಲೇ ಕೊಳ್ಳುವುದಿಲ್ಲ, ಹೆಸರು ನೆನಪಿಟ್ಟುಕೊಂಡು ಆಮೇಲೆ ಹುಡುಕುತ್ತಾರೆ. ಆದ್ದರಿಂದ ವಿಡಿಯೋದಲ್ಲಿ ಅಂಗಡಿಯ ಹೆಸರನ್ನು ಬಾಯಲ್ಲಿ ಹೇಳಿ, ಅಕ್ಷರದಲ್ಲೂ ತೋರಿಸಿ, ಮಂಡ್ಯ ಅಂತ ಹೇಳಿ. ಹಾಡು ಹಾಕಿ ಹೆಸರೇ ಹೇಳದ ರೀಲಿನಿಂದ ಲಾಭವಾಗುವುದು ಹಾಡಿನವರಿಗೆ.

ಆ ಹೆಸರು ಹುಡುಕಿ ಬಂದವರಿಗೆ ಸೈಟು ಬೇಗ ತೆರೆಯಬೇಕು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನೋದು ಗೂಗಲ್ ಇಟ್ಟ ಅಳತೆ. ಫೋನಿನಲ್ಲಿ ತೆಗೆದ ಫೋಟೋವನ್ನು ಹಾಗೇ ಏರಿಸಬೇಡಿ, ಗಾತ್ರ ಇಳಿಸಿ. ಹಳ್ಳಿಯ ನೆಟ್‌ವರ್ಕಿನಲ್ಲಿ ತೆರೆದು ನೋಡಿ, ಮನೆಯ ವೈಫೈನಲ್ಲಿ ಅಲ್ಲ.

ಫೋನ್ ಮಾಡಿ 'ಮೇಡಂ, ಗ್ಯಾರಂಟಿ, ಮೊದಲ ಪೇಜು, ಮೊದಲ ನಂಬರ್' ಅನ್ನುವವರ ಬಗ್ಗೆಯೂ ಹೇಳಬೇಕು. ಪಕ್ಕದ ಹೋಟೆಲಿನವರಿಂದ ಅಂಥ ಒಂದು ಸಂಸ್ಥೆ ವರ್ಷದ ದುಡ್ಡು ಮುಂಗಡ ತೆಗೆದುಕೊಂಡಿತು. ಅವರ ಹೋಟೆಲಿನ ಹೆಸರನ್ನೇ ಹುಡುಕಿ 'ನೋಡಿ, ಮೊದಲು ಬಂತು' ಅಂತ ತೋರಿಸಿತು. ತಮ್ಮ ಹೆಸರಿಗೆ ತಾವೇ ಮೊದಲು ಬರುವುದರಲ್ಲಿ ಏನಿದೆ? 'ಮಂಡ್ಯದಲ್ಲಿ ಬೆಳಗಿನ ತಿಂಡಿ' ಅಂತ ಹುಡುಕಿದವರಿಗೆ ಕಾಣಬೇಕು. ಅದಕ್ಕಿಂತ ಕೆಟ್ಟದ್ದು, ಮ್ಯಾಪಿನ ಪ್ರೊಫೈಲಿನ ಒಡೆತನವನ್ನೇ ಅವರು ತಮ್ಮ ಇಮೇಲ್‌ನಲ್ಲಿ ಇಟ್ಟುಕೊಂಡಿದ್ದರು. ಫೋನ್ ನಂಬರ್ ಬದಲಾಯಿಸಲೂ ಅವರನ್ನೇ ಕೇಳಬೇಕಿತ್ತು. ಬೆವರು ಸುರಿಸಿ ಕಟ್ಟಿದ ಹೋಟೆಲಿನ ಹೆಸರು ಇನ್ನೊಬ್ಬರ ಕೈಯಲ್ಲಿರುವುದು ನೋಡಿ ನನಗೆ ಸಂಕಟವಾಯಿತು. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ಲೇ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಜಾಹೀರಾತಿಗೆ ದುಡ್ಡು ಕೊಟ್ಟರೂ ಮಾಮೂಲಿ ಫಲಿತಾಂಶದಲ್ಲಿ ಮೇಲೆ ಹೋಗುವುದಿಲ್ಲ. ಯಾರಿಗಾದರೂ ಕೆಲಸ ಕೊಡಿ, ತಪ್ಪಿಲ್ಲ. ಆದರೆ ಪ್ರೊಫೈಲು, ಡೊಮೈನು (ಸೈಟಿನ ವಿಳಾಸ), ಸರ್ಚ್ ಕನ್ಸೋಲ್, ಅನಲಿಟಿಕ್ಸ್ ಎಲ್ಲದರ ಒಡೆಯರು ನೀವೇ ಆಗಿರಿ. ಅವರನ್ನು ಮ್ಯಾನೇಜರ್ ಅಂತ ಸೇರಿಸಿ. ಕೆಲಸ ಮುಗಿದ ದಿನ ತೆಗೆದರಾಯಿತು.

ಹೋಟೆಲಿನವರ ಪ್ರೊಫೈಲು ಒಡೆತನದ ಅರ್ಜಿ ಹಾಕಿ ವಾಪಸ್ ಪಡೆದೆವು. ಈಗ ಅವರ ಬೋರ್ಡಿನ ಹೆಸರು, ಬೆಳಗ್ಗೆ ತೆರೆಯುವ ಸಮಯ, ಮದ್ದೂರು ವಡೆ ಯಾವ ಹೊತ್ತಿಗೆ ಬಿಸಿಯಾಗಿ ಸಿಗುತ್ತದೆ ಅನ್ನುವುದು, ಕಾರು ನಿಲ್ಲಿಸುವ ಜಾಗದ ಫೋಟೋ, ಎಲ್ಲ ಇದೆ. ಈ ತಿಂಗಳು ನಾವಿಬ್ಬರೂ ಸೇರಿ ಒಂದು ಪುಟ ಬರೆಯುತ್ತಿದ್ದೇವೆ: ಬೆಂಗಳೂರಿನಿಂದ ಬರುವವರು ಎಲ್ಲಿ ಸರ್ವಿಸ್ ರಸ್ತೆಗೆ ಇಳಿಯಬೇಕು, ಮೈಸೂರಿನಿಂದ ಬರುವವರು ಎಲ್ಲಿ ಇಳಿಯಬೇಕು, ಹಳೇ ರಸ್ತೆಯಲ್ಲಿ ಏನೇನು ಸಿಗುತ್ತದೆ, ಮತ್ತೆ ಎಕ್ಸ್‌ಪ್ರೆಸ್‌ವೇ ಸೇರುವುದು ಎಲ್ಲಿ. ನರ್ಸರಿಯವರೂ ಎಳನೀರಿನವರೂ ಅದರಲ್ಲಿ ಇರುತ್ತಾರೆ. ಹಳೇ ರಸ್ತೆಯಲ್ಲಿ ಅಂಗಡಿ ಇರುವವರು ಯಾರಾದರೂ ಸೇರಿಕೊಳ್ಳಬೇಕು ಅಂದರೆ ಬನ್ನಿ. ಬೋರ್ಡಿನ ಫೋಟೋ, ತೆರೆಯುವ ಸಮಯ, ಗಿರಾಕಿಗಳು ನಿಮ್ಮನ್ನು ಜಾಸ್ತಿ ಕೇಳುವ ಐದು ಪ್ರಶ್ನೆ, ಇಷ್ಟು ತನ್ನಿ.